4ಬಿಟಿ ಎಂಜಿನ್‌ಗೆ 6ಬಿಟಿಯ ರಾಡ್, ಪಿಸ್ಟನ್: ಬಹುಕಾಲ ಓಡಿಸಿದ ಮೇಲೆ

ಕಮ್ಮಿನ್ಸ್‌ನ ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್ ಎಂಜಿನ್ 4ಬಿಟಿ ಬಿಚ್ಚಿ ಕಟ್ಟುವಾಗ ಒಳಗಿನ ಸಾಮಾನಿಗೆ ಅದರ ಆರು ಸಿಲಿಂಡರಿನ ಅಣ್ಣ 6ಬಿಟಿಯ ಕಡೆ ಕೈ ಚಾಚುವುದು ಒಳ್ಳೆಯ ದಾರಿಯೇ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ವಿಷಯದಲ್ಲಿ ನನಗೆ ಒಂದೇ ಒಂದು ದೂರಿಲ್ಲ. ಪಿಸ್ಟನ್ ಮಾತು ಬೇರೆ. ಪೆಟ್ಟಿಗೆಯ ಮೇಲೆ ‘4ಬಿಟಿ, 6ಬಿಟಿ ಎರಡಕ್ಕೂ’ ಎಂದು ಬರೆದಿದೆ ಅಂತ ಅಷ್ಟಕ್ಕೇ ದುಡ್ಡು ಎಣಿಸಿಕೊಡಬೇಡಿ. ಬೋರ್ (ಸಿಲಿಂಡರಿನ ವ್ಯಾಸ), ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಎರಡೂ ಒಂದೇ ಎನ್ನುವುದು ನಿಜ. ಆದರೆ ಗೋಳು ಇರುವುದು ಪಿಸ್ಟನ್ನಿನ ತಲೆಯ ಮೇಲೆ, ಡೀಸೆಲ್ ಉರಿಯುವ ಆ ಗುಳಿಯಲ್ಲಿ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಹೊಸ ರಾಡ್ ಸೆಟ್ಟಿಗೆ ಬಜೆಟ್ ಸಾಲದವರಿಗೆ ಗುಜರಿಗೆ ಬಂದ 6ಬಿಟಿ ನಿಜವಾದ ಭಾಗ್ಯ. ಆರು ರಾಡ್ ಸಿಗುತ್ತವೆ, ಬೇಕಿರುವುದು ನಾಲ್ಕು, ಆರಿಸಿಕೊಳ್ಳಬಹುದು. ಡಿಜಿಟಲ್ ತಕ್ಕಡಿಯಲ್ಲಿ ಆರನ್ನೂ ತೂಗಿ. ಆಮೇಲೆ ಸಣ್ಣ ತುದಿಯನ್ನು ತಂತಿಯಲ್ಲಿ ಮಟ್ಟವಾಗಿ ತೂಗುಹಾಕಿ, ದೊಡ್ಡ ತುದಿಯನ್ನು ಮಾತ್ರ ತಕ್ಕಡಿಯ ಮೇಲಿಟ್ಟು ಇನ್ನೊಮ್ಮೆ ತೂಗಿ. ಎರಡೂ ಲೆಕ್ಕದಲ್ಲಿ ಹತ್ತಿರ ಹತ್ತಿರ ಇರುವ ನಾಲ್ಕನ್ನು ಇಟ್ಟುಕೊಳ್ಳಿ. ಇದು ಅತಿ ಶಿಸ್ತು ಅನ್ನಿಸಬಹುದು, ಅಲ್ಲ. ಸಾಲಿನಲ್ಲಿರುವ ಆರು ಸಿಲಿಂಡರಿನಲ್ಲಿ ಅಲುಗಾಟದ ಬಲಗಳು ತಮ್ಮಲ್ಲೇ ಒಂದನ್ನೊಂದು ಕಳೆದುಕೊಳ್ಳುತ್ತವೆ. ನಾಲ್ಕರಲ್ಲಿ ಪೂರ್ತಿ ಹಾಗಾಗುವುದಿಲ್ಲ, 4ಬಿಟಿಯ ನಡುಕ ಎಲ್ಲರಿಗೂ ಗೊತ್ತಿರುವುದೇ. ತೂಕ ಹೆಚ್ಚುಕಮ್ಮಿಯಾದರೆ ಆ ನಡುಕಕ್ಕೆ ನಾವೇ ಇನ್ನಷ್ಟು ಸೇರಿಸಿದ ಹಾಗೆ.

ದೊಡ್ಡ ತುದಿಯನ್ನು ಮುಚ್ಚುವ ಕ್ಯಾಪ್ ಮತ್ತು ರಾಡಿನ ನಂಬರ್ ಜೋಡಿ ತಪ್ಪಬಾರದು. ಬೇರಿಂಗ್ ಹಾಕದೆ ಕ್ಯಾಪನ್ನು 35, 70, 100 ನ್ಯೂಟನ್ ಮೀಟರ್ ಎಂದು ಮೂರು ಹಂತದಲ್ಲಿ ಬಿಗಿದು, ಬೋರ್ ಗೇಜಿನಲ್ಲಿ ಮೂರು ದಿಕ್ಕಿನಿಂದ ಅಳೆಯಿರಿ. ದುಂಡಗಿಲ್ಲದಿದ್ದರೆ ಆ ರಾಡನ್ನು ಬದಿಗಿಡಿ. ನಿಮಗೆ ಇನ್ನೂ ಎರಡು ಉಳಿದಿವೆಯಲ್ಲ! ತಯಾರಿಸುವಾಗಲೇ ಮುರಿದು ಬೇರ್ಪಡಿಸಿದ ಕ್ಯಾಪಿನ ರಾಡ್ ಈಚಿನ ಎಂಜಿನ್ನುಗಳದ್ದು. ಅದರ ಕ್ಯಾಪನ್ನು ಉಜ್ಜಿ ದುಂಡು ಸರಿಮಾಡಲು ಬರುವುದಿಲ್ಲ, ಬಳಸಿದ್ದನ್ನು ತರಬೇಡಿ. ರಾಡ್ ಕೂರುವ ಕ್ರ್ಯಾಂಕಿನ 69 ಮಿ.ಮೀ. ಜರ್ನಲ್ಲಿಗೆ ಆಯಿಲ್ ಸಂದು 0.05ರಿಂದ 0.07 ಮಿ.ಮೀ. ಒಳಗೆ ಬಂದರೆ ನೆಮ್ಮದಿ, ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಸಂದಿನ ಅಳತೆ ತೋರಿಸುವ ಎಳೆ) ಇಟ್ಟು ನೋಡಿಯೇ ಮುಚ್ಚಿ. ಹೀಗೆ ಕೂರಿಸಿದ ರಾಡುಗಳ ಮೇಲೆ, ಬಿಸಿ ಎಂಜಿನ್ ಐಡಲ್‌ನಲ್ಲಿದ್ದಾಗ, ಆಯಿಲ್ ಪ್ರೆಶರ್ ಮುಳ್ಳು ಮೊದಲು ಎಲ್ಲಿ ನಿಂತಿತ್ತೋ ಇವತ್ತಿಗೂ ಅಲ್ಲೇ ನಿಲ್ಲುತ್ತದೆ.

ಇನ್ನು ಪಿಸ್ಟನ್. ‘ಎರಡಕ್ಕೂ ಆಗುತ್ತೆ’ ಎಂದು ಮಾರಿದ, ನನ್ನ 4ಬಿಟಿಗೆ ಹಾಕಿದ ಈ ಸೆಟ್ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಸಾಧನ) ಇರುವ ಎಂಜಿನ್ನಿನದು, ಕಂಪ್ರೆಶನ್, ಅಂದರೆ ಸಿಲಿಂಡರಿನ ಗಾಳಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬ ಲೆಕ್ಕ, 16.5. ಇಂಟರ್‌ಕೂಲರ್ ಇಲ್ಲದ 4ಬಿಟಿಗೆ ಬೇಕಾದದ್ದು 17.5. ಟರ್ಬೊ ಇಲ್ಲದ 4ಬಿಗೆ 18.5. ಕಾಗದದ ಮೇಲೆ ಒಂದೇ ಒಂದರ ಅಂತರ. ಚಳಿಯ ಬೆಳಿಗ್ಗೆ ಅದರ ಬೆಲೆ ಗೊತ್ತಾಗುತ್ತದೆ. ಈ ಎಂಜಿನ್ನಿನಲ್ಲಿ ಗ್ಲೋ ಪ್ಲಗ್ ಇಲ್ಲ, ಗಾಳಿ ಒಳಗೆ ಹೋಗುವ ದಾರಿಯಲ್ಲಿ ಗ್ರಿಡ್ ಹೀಟರ್ ಇದ್ದರೆ ಅದೊಂದೇ ಆಸರೆ. ದಿನವೂ ಕೀ ಆನ್ ಮಾಡಿ ಹೀಟರಿನ ದೀಪ ಆರುವ ತನಕ ಕಾಯಬೇಕು. ಸೆಲ್ಫ್ ಹೊಡೆದರೆ ಮೊದಲು ಒಂದೆರಡು ಸಿಲಿಂಡರ್ ಮಾತ್ರ ಹಿಡಿಯುತ್ತವೆ, ಉಳಿದವು ಮಿಸ್ ಹೊಡೆಯುತ್ತವೆ, ಬಾಡಿಯೆಲ್ಲ ನಡುಗುತ್ತದೆ. ಸೈಲೆನ್ಸರಿನಿಂದ ಕಣ್ಣುರಿಸುವ ಬಿಳಿ ಹೊಗೆ. ಅದು ಉರಿಯದ ಡೀಸೆಲ್. ಆ ಹೊತ್ತಿನಲ್ಲಿ ಆಕ್ಸಿಲರೇಟರ್ ಒತ್ತಿ ಗುರ್ ಅನ್ನಿಸಿದರೆ ಹೊಗೆ ಇನ್ನೂ ದಟ್ಟವಾಗುತ್ತದೆಯೇ ಹೊರತು ಬೇಗ ಬಿಸಿಯಾಗುವುದಿಲ್ಲ. ಹ್ಯಾಂಡ್ ಥ್ರಾಟಲನ್ನು ಐಡಲ್ಲಿಗಿಂತ ಸ್ವಲ್ಪ ಮೇಲಿಟ್ಟು ಬಿಡಬೇಕು. ಮಿಸ್ಸಿಂಗ್ ಒಂದೊಂದೇ ಸಿಲಿಂಡರ್ ಬಿಟ್ಟುಹೋಗುವುದು ಕಿವಿಗೇ ಕೇಳಿಸುತ್ತದೆ. ನಾಲ್ಕೂ ಸರಿಯಾಗಿ ಬಡಿಯತೊಡಗಿದ ಮೇಲೆಯೇ ಹೊರಡುವುದು. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡುವುದೂ ಈಗ ಅಭ್ಯಾಸದಲ್ಲಿ ಸೇರಿದೆ. ಡೀಸೆಲ್ ವಾಸನೆ ಬಂದರೆ, ಮಟ್ಟ ತಾನಾಗಿ ಏರಿದರೆ, ಆಯಿಲ್ ಬದಲಿಸುವುದನ್ನು ಮುಂದೂಡಬಾರದು.

ಬಿಸಿಯಾದ ಮೇಲೆ ಇದೇ ಪಿಸ್ಟನ್ ಮೇಲೆ ಬೇಸರ ಮಾಡಿಕೊಳ್ಳಲು ಮನಸ್ಸಾಗುವುದಿಲ್ಲ. ಬಡಿತ ಮೆತ್ತಗೆ, ಏರಿನಲ್ಲಿ ಭಾರ ಎಳೆಯುವಾಗ ಒರಟುತನವಿಲ್ಲ. ಟರ್ಬೊ ಬೂಸ್ಟ್ ಏರಿಸಿ, ಇಂಟರ್‌ಕೂಲರ್ ಹಾಕುವ ಯೋಚನೆ ಇರುವವರಿಗೆ ಬೇಕಾದದ್ದು ಈ ಪಿಸ್ಟನ್ನೇ. ಸ್ಟಾಕ್ ಎಂಜಿನ್ ಇಟ್ಟುಕೊಂಡು ದಿನಾ ಬೆಳಿಗ್ಗೆ ಹೊರಡುವವರಿಗೆ ಅಲ್ಲ.

ಕೊಳ್ಳುವ ಮೊದಲು ಇದನ್ನು ಟೇಬಲ್ ಮೇಲೆಯೇ ಪತ್ತೆಮಾಡಬಹುದು. ಒಂದು ಸಿಲಿಂಡರಿನ ಸ್ವೆಪ್ಟ್ ವಾಲ್ಯೂಮ್ (ಪಿಸ್ಟನ್ ಕೆಳಗಿಂದ ಮೇಲಕ್ಕೆ ಓಡಾಡುವ ಜಾಗ) ಸುಮಾರು 981 ಸಿಸಿ. 17.5ಕ್ಕೆ ಪಿಸ್ಟನ್ ಮೇಲೆ ಉಳಿಯುವ ಜಾಗ 59.4 ಸಿಸಿ, 16.5ಕ್ಕೆ 63.3 ಸಿಸಿ. ಅಂದರೆ ಸುಮಾರು 4 ಮಿ.ಲೀ. ವ್ಯತ್ಯಾಸ. ಹಳೆಯ ಪಿಸ್ಟನ್ನಿನ ಇದ್ದಿಲು ಕೆರೆದು ತೆಗೆದು ಮಟ್ಟವಾಗಿ ನಿಲ್ಲಿಸಿ. ತಲೆಯ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ, ಸಣ್ಣ ತೂತು ಕೊರೆದ ಅಕ್ರಿಲಿಕ್ ಹಾಳೆ ಒತ್ತಿ, ಸಿರಿಂಜಿನಲ್ಲಿ ಸೀಮೆಎಣ್ಣೆ ತುಂಬಿಸುತ್ತಾ ಎಷ್ಟು ಹಿಡಿಯಿತೆಂದು ಬರೆದುಕೊಳ್ಳಿ. ಗುಳ್ಳೆ ಉಳಿಯಬಾರದು. ಹೊಸದಕ್ಕೂ ಹಾಗೇ ಮಾಡಿ. ರಾಡನ್ನು ಪಿಸ್ಟನ್ನಿಗೆ ಸೇರಿಸುವ ಗಡ್ಜನ್ ಪಿನ್ನಿನ ತೂತಿನಿಂದ ತಲೆಯವರೆಗಿನ ಎತ್ತರವನ್ನೂ ಎರಡರಲ್ಲೂ ಹೋಲಿಸಿ. ಎತ್ತರ ಒಂದೇ ಇದ್ದು ಹೊಸದು 4 ಮಿ.ಲೀ. ಹೆಚ್ಚು ಕುಡಿದರೆ ಅದು ನಿಮ್ಮ ಎಂಜಿನ್ನಿನದಲ್ಲ.

ಹೆಡ್ ಗ್ಯಾಸ್ಕೆಟ್ಟಿನ ದಪ್ಪವನ್ನೂ ಈ ಲೆಕ್ಕದಲ್ಲೇ ನೋಡಬೇಕು. ಪ್ರತಿ 0.1 ಮಿ.ಮೀ. ದಪ್ಪಕ್ಕೆ 0.8 ಸಿಸಿ ಕೂಡುತ್ತದೆ. 16.5ರ ಪಿಸ್ಟನ್ ಮೇಲೆ 0.5 ಮಿ.ಮೀ. ಹೆಚ್ಚು ದಪ್ಪದ ಗ್ಯಾಸ್ಕೆಟ್ ಬಿದ್ದರೆ ಕಂಪ್ರೆಶನ್ ಇನ್ನೂ ಒಂದು ಇಳಿದು, ಚಳಿಯಲ್ಲಿ ಸ್ಟಾರ್ಟ್ ಆಗುವುದೇ ಕಷ್ಟ.

24 ವಾಲ್ವಿನ (ಸಿಲಿಂಡರಿಗೆ ನಾಲ್ಕು ವಾಲ್ವ್) ಆರು ಸಿಲಿಂಡರ್ ಎಂಜಿನ್ನಿನ ಪಿಸ್ಟನ್ ಅಗ್ಗಕ್ಕೆ ಸಿಕ್ಕರೂ, ಸಿಲಿಂಡರಿಗೆ ಎರಡೇ ವಾಲ್ವ್ ಇರುವ 12 ವಾಲ್ವಿನ 6ಬಿಟಿಗಾಗಲಿ 8 ವಾಲ್ವಿನ 4ಬಿಟಿಗಾಗಲಿ ಹಾಕಬೇಡಿ. ಅದರ ಇಂಜೆಕ್ಟರ್ ನಡುವೆ ನೇರವಾಗಿ ನಿಲ್ಲುವುದರಿಂದ ಗುಳಿಯೂ ನಡುವೆ ಇದೆ. ಇವೆರಡರ ಇಂಜೆಕ್ಟರ್ ಓರೆಯಾಗಿ ಬರುತ್ತದೆ, ಸ್ಪ್ರೇ ಗುಳಿಯ ಅಂಚಿಗೆ ಹೊಡೆದು ಅಲ್ಲೇ ಸುಡುತ್ತದೆ. ಪಿಸ್ಟನ್ ತಣಿಸುವ ಆಯಿಲ್ ಜೆಟ್ ಯಾವುದೆಂದೂ ನೋಡಿ: ಕೆಲವು ಬ್ಲಾಕಿನಲ್ಲಿ ಮೇನ್ ಬೇರಿಂಗಿನ ತೊಟ್ಟಿಲಲ್ಲೇ ಸಣ್ಣ ನಾಜಲ್, ಕೆಲವಲ್ಲಿ ಜೆ ಆಕಾರದ ಕೊಳವೆ. ಕೊಳವೆ ಇರುವ ಕಡೆ ಪಿಸ್ಟನ್ ಸ್ಕರ್ಟಿನಲ್ಲಿ ಕಚ್ಚು ಇರಲೇಬೇಕು, ಇಲ್ಲದಿದ್ದರೆ ಕೆಳಗಿಳಿದಾಗ ಬಡಿಯುತ್ತದೆ. ಸಂಪ್ (ತಳದ ಆಯಿಲ್ ತೊಟ್ಟಿ) ಮುಚ್ಚುವ ಮೊದಲು ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿದರೆ ಗೊತ್ತಾಗಿಬಿಡುತ್ತದೆ.

ಉಳಿದದ್ದು ಮಾಮೂಲು. ಮೇಲಿನ ರಿಂಗಿನ ಸಂದು 0.40ರಿಂದ 0.70 ಮಿ.ಮೀ., ವಾಲ್ವಿನ ಸಂದು ಎಂಜಿನ್ ತಣ್ಣಗಿರುವಾಗ ಇನ್‌ಲೆಟ್ 0.25, ಎಕ್ಸಾಸ್ಟ್ 0.51 ಮಿ.ಮೀ. ಕ್ಯಾಮ್ ತೆಗೆಯುವುದಾದರೆ, ಅದರ ಮೇಲೆ ಕೂತು ಪುಶ್‌ರಾಡನ್ನು ಎತ್ತುವ ಟ್ಯಾಪೆಟ್‌ಗಳು ಅಣಬೆಯಾಕಾರದವು, ಪುಶ್‌ರಾಡ್ ತೂತಿನಿಂದ ಮರದ ಕಡ್ಡಿ ಬಿಗಿಯಾಗಿ ತೂರಿಸಿ ಮೇಲೆತ್ತಿ ಹಿಡಿಯದಿದ್ದರೆ ಕ್ಯಾಮ್ ಹೊರಬರುವುದಿಲ್ಲ. ಟೈಮಿಂಗ್ ಕವರ್ ಹೇಗೂ ಬಿಚ್ಚಿರುತ್ತೀರಿ, ಗೇರ್ ಕೇಸಿನ ಡವೆಲ್ ಪಿನ್ (ಕೇಸನ್ನು ಜಾಗಕ್ಕೆ ಸರಿಯಾಗಿ ಕೂರಿಸುವ ಸಣ್ಣ ಗೂಟ) ಸಡಿಲವಾಗಿ ಗೇರಿನ ನಡುವೆ ಬೀಳದಂತೆ ಅದರ ಮುಂದೆ ಒಂದು ತಗಡಿನ ತಡೆಯನ್ನು ಬೋಲ್ಟಿಗೆ ಸಿಕ್ಕಿಸಿಬಿಡಿ.

ಪಿಸ್ಟನ್ ಆರ್ಡರ್ ಮಾಡುವಾಗ ಎಂಜಿನ್ನಿನ ಹೆಸರು ಹೇಳಬೇಡಿ. ಎಂಜಿನ್ ಪ್ಲೇಟಿನ ಮೇಲೆ ಸಿಪಿಎಲ್ ನಂಬರ್ (ಆ ಎಂಜಿನ್ನಿಗೆ ಯಾವ ಬಿಡಿಭಾಗಗಳು ಎಂಬ ಪಟ್ಟಿಯ ಸಂಖ್ಯೆ) ಇರುತ್ತದೆ, ಅದನ್ನು ಕೊಡಿ. ಆ ನಂಬರಿಗೆ ಯಾವ ಪಿಸ್ಟನ್ ಎಂದು ಕೇಳಿದಾಗ ಅಂಗಡಿಯವರು ಪಾರ್ಟ್ ನಂಬರ್ ಹೇಳದೆ ‘ಎಲ್ಲಾ ಒಂದೇ ಸಾರ್’ ಅಂದರೆ ಬೇರೆ ಅಂಗಡಿ ನೋಡಿ.