ಮಾಟುಂಗಾದ ಭಾನುವಾರದ ಮಾತಿನ ತರಗತಿ: ಎಂಟು ವಾರಗಳ ಅನುಭವ

ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯಲ್ಲಿ ನಾಲ್ಕು ಮಾತಾಡಲು ಎದ್ದು ನಿಂತು, ಎರಡನೆಯ ಮಾತಿಗೇ ನಾಲಿಗೆ ಒಣಗಿ ಕುಳಿತುಕೊಂಡವನು ನಾನು. ಅದೇ ವಾರ ಮನೆಯಲ್ಲಿ ಮಗ, "ಅಪ್ಪನಿಗೆ ಹೇಳಿ ಪ್ರಯೋಜನವಿಲ್ಲ, ಅರ್ಧ ಹೇಳುವಷ್ಟರಲ್ಲಿ ಉತ್ತರ ಕೊಟ್ಟುಬಿಡ್ತಾರೆ" ಎಂದು ತಾಯಿಯ ಹತ್ತಿರ ದೂರುತ್ತಿದ್ದುದು ಕಿವಿಗೆ ಬಿತ್ತು. ಸಭೆಯಲ್ಲಿ ಬಾಯಿ ಬಿಡಲಾರದವನು ಮನೆಯಲ್ಲಿ ಬಾಯಿ ಮುಚ್ಚಲಾರನೆಂದರೆ ಎಲ್ಲೋ ಏನೋ ತಪ್ಪಿದೆ ಅನ್ನಿಸಿ, ಮುಂಬಯಿಯ ಮಾಟುಂಗಾದಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಮಾತುಗಾರಿಕೆಯ ತರಗತಿಯೊಂದಕ್ಕೆ 4,500 ರೂಪಾಯಿ ಕಟ್ಟಿದೆ. ಎಂಟು ವಾರ, ವಾರಕ್ಕೆ ಎರಡು ಗಂಟೆ, ಪಾಠವೆಲ್ಲ ಕನ್ನಡದಲ್ಲಿ. ತಕರಾರುಗಳೂ ಇರುವುದರಿಂದ ತರಗತಿ ನಡೆಸುವವರ ಹೆಸರನ್ನು ಇಲ್ಲಿ ಹೇಳುವುದಿಲ್ಲ.

1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇರುವ ಮಾಟುಂಗಾದಲ್ಲಿ ಕನ್ನಡದ ವೇದಿಕೆಗೆ ಯಾವತ್ತೂ ಬರವಿಲ್ಲ. ಬರವಿರುವುದು ಹೊತ್ತಿಗೆ ಸರಿಯಾಗಿ ಮಾತು ಮುಗಿಸುವವರಿಗೆ. ಈ ತರಗತಿಯವರು ಅದನ್ನು ಸರಿಯಾಗಿಯೇ ಗುರುತಿಸಿದ್ದಾರೆ. ಅವರ ಕ್ರಮ ಬಹುಮಟ್ಟಿಗೆ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳದು. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ ಈ ಕ್ಲಬ್ಬುಗಳಲ್ಲಿ ಒಬ್ಬರು ಮಾತಾಡಿದರೆ ಇನ್ನೊಬ್ಬರು ಹೊತ್ತು ನೋಡುತ್ತಾರೆ, ಮತ್ತೊಬ್ಬರು ತೊದಲು ಎಣಿಸುತ್ತಾರೆ, ಮಗದೊಬ್ಬರು ಎಲ್ಲರೆದುರಿಗೇ ವಿಮರ್ಶೆ ಹೇಳುತ್ತಾರೆ. ಪೂರ್ವತಯಾರಿಯಿಲ್ಲದ ಮಾತಿಗೆ ಒಂದರಿಂದ ಎರಡು ನಿಮಿಷ. ಒಂದು ನಿಮಿಷಕ್ಕೆ ಹಸಿರು ಕಾರ್ಡು, ಒಂದೂವರೆಗೆ ಹಳದಿ, ಎರಡಕ್ಕೆ ಕೆಂಪು.

ಮೊದಲ ಭಾನುವಾರ ನನಗೆ ಬಂದ ವಿಷಯ 'ಲೋಕಲ್ ರೈಲು'. ಎದ್ದು ನಿಂತವನೇ ಅಭ್ಯಾಸಬಲದಿಂದ, ವೇದಿಕೆಯ ಮೇಲೆ ಆಸೀನರಾಗಿರುವ ಮಾನ್ಯರೇ ಎಂದು ಶುರುಮಾಡಿ, ಗುರುಗಳಿಗೆ, ಹಿರಿಯರಿಗೆ, ಸಭಾಂಗಣ ಕೊಟ್ಟವರಿಗೆ, ಸಹಪಾಠಿಗಳಿಗೆ ಒಂದೊಂದು ನಮಸ್ಕಾರ ಸಲ್ಲಿಸುವಷ್ಟರಲ್ಲಿ ಹಸಿರು ಕಾರ್ಡು ಮೇಲೆದ್ದಿತ್ತು. ನನ್ನ ಮಾತಿನ ರೈಲು ಡೊಂಬಿವಲಿ ಸ್ಟೇಷನ್ ಬಿಡುವ ಮೊದಲೇ ಕೆಂಪು. ತೊದಲು ಎಣಿಸುತ್ತಿದ್ದ ಹುಡುಗಿ ನನ್ನ ಲೆಕ್ಕ ಓದಿದಳು: "'ಅಂದ್ರೆ' ಒಂಬತ್ತು, 'ಮತ್ಲಬ್' ಏಳು." ಊರು ಬಿಟ್ಟು ಮೂವತ್ತು ವರ್ಷವಾಗಿದ್ದರೂ ನನ್ನ ಕನ್ನಡದಲ್ಲಿ ಇಷ್ಟೊಂದು ಮತ್ಲಬ್ ಸೇರಿಕೊಂಡಿರುವುದು ಅಂದಿನವರೆಗೆ ನನಗೆ ತಿಳಿದೇ ಇರಲಿಲ್ಲ. ಐದನೆಯ ವಾರಕ್ಕೆ ಅವು ಎರಡಕ್ಕಿಳಿದವು. ಇದಕ್ಕಾಗಿ ಕೊಟ್ಟ ಹಣ ಸಾರ್ಥಕ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ಮನೆಯ ಮಾತಿಗೆಂದು ಮೀಸಲಿಟ್ಟ ಮೂರು ತರಗತಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಅಷ್ಟು ಸರಳವಲ್ಲ. ಎದುರಿನವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹಿಂದಿರುಗಿಸಿ, ಸರಿಯೇ ಎಂದು ಕೇಳಿಕೊಂಡು, ಆಮೇಲೆ ಉತ್ತರ ಕೊಡಬೇಕೆಂಬುದು ಅಲ್ಲಿನ ಮುಖ್ಯ ಅಭ್ಯಾಸ. ಇದರ ಬೇರು ಇರುವುದು ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ಸಲಹಾ ಪದ್ಧತಿಯಲ್ಲಿ. ಮನೆಗೆಲಸವೆಂದು ಇದನ್ನು ಹೆಂಡತಿಯ ಮೇಲೆ ಪ್ರಯೋಗಿಸಿದೆ. ಅವಳು ಮಿಕ್ಸಿಯಲ್ಲಿ ಚಟ್ನಿ ತಿರುಗಿಸುತ್ತಾ, "ಇವತ್ತೂ ತಡವೇನ್ರೀ?" ಎಂದಳು. "ಅಂದರೆ, ನಾನು ತಡವಾಗಿ ಬರುವುದರಿಂದ ನಿನಗೆ ಬೇಸರವಾಗುತ್ತಿದೆ ಎಂದು ನೀನು ಹೇಳುತ್ತಿದ್ದೀಯಾ?" ಎಂದೆ. ಮಿಕ್ಸಿ ನಿಂತಿತು. "ಹಿಟ್ಟು ಒಂದೇ ಸಲಕ್ಕಾಗುವಷ್ಟಿದೆ, ದೋಸೆ ಈಗ ಹುಯ್ಯಲೋ ರಾತ್ರಿಗಿಡಲೋ ಅಂತ ಕೇಳಿದ್ದು. ಅದಕ್ಕೆ ಬ್ಯಾಂಕಿನ ಗಿರಾಕಿ ಹತ್ತಿರ ಮಾತಾಡಿದ ಹಾಗೆ ಯಾಕೆ ಮಾತಾಡ್ತೀರಿ?" ಎಂದು ಮತ್ತೆ ಮಿಕ್ಸಿಯ ಗುಂಡಿ ತಿರುಗಿಸಿದಳು.

ತಪ್ಪು ಅಭ್ಯಾಸದ್ದಲ್ಲ, ಅದನ್ನು ಕನ್ನಡಕ್ಕೆ ಇಳಿಸಿದ ರೀತಿಯದ್ದು. 'ನೀನು ಯಾವಾಗಲೂ ಹೀಗೆ' ಎಂದು ಬೆರಳು ತೋರಿಸದೆ ನಮಗಾದದ್ದನ್ನು ಹೇಳಬೇಕೆಂಬ, ಅಮೆರಿಕದ ಮನಃಶಾಸ್ತ್ರಜ್ಞ ತಾಮಸ್ ಗಾರ್ಡನ್ ಪ್ರಚಾರಕ್ಕೆ ತಂದ ಇನ್ನೊಂದು ಪಾಠಕ್ಕೂ ಇದೇ ಗತಿಯಾಯಿತು. ಅವರು ಹಂಚಿದ ಹಾಳೆಯಲ್ಲಿ 'ನೀನು ತಡವಾಗಿ ಬಂದಾಗ ನಾನು ಆತಂಕವನ್ನು ಅನುಭವಿಸುತ್ತೇನೆ' ಎಂಬ ವಾಕ್ಯವಿತ್ತು. ಡೊಂಬಿವಲಿಯಲ್ಲಾಗಲಿ ಧಾರವಾಡದಲ್ಲಾಗಲಿ ಯಾವ ತಾಯಿ ಹೀಗೆ ಮಾತಾಡುತ್ತಾಳೆ? 'ನೀ ಬರೋವರೆಗೆ ನನಗೆ ಜೀವದಲ್ಲಿ ಜೀವ ಇರಲಿಲ್ಲ' ಎನ್ನುತ್ತಾಳೆ. ನನಗೆ ಸಿಟ್ಟು ಬಂತು, ನನಗೆ ಹೆದರಿಕೆಯಾಯಿತು, ನನಗೆ ಬೇಜಾರಾಯಿತು ಎನ್ನುವ ನಮ್ಮ ಭಾಷೆಯಲ್ಲಿ, ಯಾರ ಮೇಲೂ ತಪ್ಪು ಹೊರಿಸದೆ ಮನಸ್ಸಿಗಾದದ್ದನ್ನು ಹೇಳುವ ದಾರಿ ಚತುರ್ಥಿ ವಿಭಕ್ತಿಯಲ್ಲೇ ಸಿದ್ಧವಾಗಿದೆ. ಅದನ್ನು ತೋರಿಸಿಕೊಡುವ ಬದಲು ಅನುವಾದದ ವಾಕ್ಯಗಳನ್ನು ಬಾಯಿಪಾಠ ಮಾಡಿಸಿದ್ದು ನನಗೆ ಸರಿಕಾಣಲಿಲ್ಲ. ತಂಡದಲ್ಲಿ ಹೆಚ್ಚಿನವರು ಮನೆಯಲ್ಲಿ ತುಳು ಆಡುವವರಾದ್ದರಿಂದ ಅವರ ಪಾಡು ಇನ್ನೂ ಕಷ್ಟದ್ದಾಗಿತ್ತು. ಹಾಳೆಯನ್ನು ಮಡಿಸಿಟ್ಟು, ಮಗ ಮಾತು ಮುಗಿಸುವವರೆಗೆ ಸುಮ್ಮನಿದ್ದು, "ಹಾಗಾದರೆ ಆ ಕೆಲಸ ಬಿಡಬೇಕು ಅಂತಲಾ?" ಎಂದಷ್ಟೇ ಕೇಳಿದ ದಿನ ಅವನು ಮುಕ್ಕಾಲು ಗಂಟೆ ಕುಳಿತು ಮಾತಾಡಿದ. ಅಷ್ಟರಮಟ್ಟಿಗೆ ತರಗತಿಗೆ ಋಣಿ.

ಇನ್ನೊಂದು ತಕರಾರು ಗಂಭೀರವಾದದ್ದು. ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇಕಡಾ 7, ದನಿಯದು 38, ಮುಖಭಾವದ್ದು 55 ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ಈ ಅಂಕಿಗಳ ಮೂಲ 1967ರಲ್ಲಿ ಪ್ರಕಟವಾದ, ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಸಂಗಡಿಗರ ಎರಡು ಪ್ರಯೋಗಗಳು. ಅಲ್ಲಿ ಪರೀಕ್ಷಿಸಿದ್ದು ಭಾಷಣವನ್ನಲ್ಲ; ಬಿಡಿ ಪದ, ಅದನ್ನಾಡಿದ ದನಿ ಮತ್ತು ಮುಖದ ಚಿತ್ರಗಳ ಮೂಲಕ ಇಷ್ಟ ಅಥವಾ ಅನಿಷ್ಟ ಹೇಗೆ ತಿಳಿಯುತ್ತದೆ ಎಂಬುದನ್ನು. ಭಾವನೆ, ಧೋರಣೆಗಳ ಕುರಿತ ಮಾತಿನಾಚೆಗೆ ಈ ಲೆಕ್ಕ ಅನ್ವಯಿಸುವುದಿಲ್ಲವೆಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ಸಾಲದ ಬಡ್ಡಿಯನ್ನು ವಿವರಿಸುವಾಗ ನನ್ನ ಪದಗಳಿಗೆ ಶೇಕಡಾ 7ರ ಬೆಲೆಯಾದರೆ ಗಿರಾಕಿಯ ಗತಿಯೇನು ಎಂದು ಕೇಳಿದಾಗ ಗುರುಗಳು ನಕ್ಕು ಮುಂದಿನ ಹಾಳೆಗೆ ಹೋದರು.

ಹನ್ನೆರಡು ಜನರ ತಂಡವೆಂದು ಹೇಳಿ ಇಪ್ಪತ್ತೆರಡು ಜನರನ್ನು ತುಂಬಿಸಿಕೊಂಡಿದ್ದರಿಂದ ಎಂಟು ವಾರಗಳಲ್ಲಿ ನನಗೆ ಎದ್ದು ಮಾತಾಡುವ ಸರದಿ ಬಂದದ್ದು ನಾಲ್ಕೇ ಬಾರಿ. ಸಭಾಂಗಣದ ಫ್ಯಾನುಗಳ ಸದ್ದಿಗೆ ಹಿಂದಿನ ಸಾಲಿನವರಿಗೆ ಏನೂ ಕೇಳಿಸದು. ಸೆಂಟ್ರಲ್ ಲೈನಿನ ರೈಲಿನಲ್ಲಿ ಬರುವವರಿಗೆ, ಹಳಿ ದುರಸ್ತಿಗೆಂದು ರೈಲು ತಡೆಯುವ ಭಾನುವಾರದ ಮೆಗಾ ಬ್ಲಾಕ್ ಬೇರೆ. ಎರಡು ಸಲ ದಾದರ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿದು ಓಡಿದೆ.

ವೇದಿಕೆಯ ಅಂಜಿಕೆ ಬಿಡಿಸಿಕೊಳ್ಳಬೇಕೆನ್ನುವವರು ಸೇರಬಹುದು. ಹಣ ಕಟ್ಟುವ ಮೊದಲು ತಂಡದಲ್ಲಿ ಎಷ್ಟು ಜನ, ಒಬ್ಬೊಬ್ಬರಿಗೆ ಎಷ್ಟು ಸರದಿ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ. ಮನೆಯ ಮಾತಿಗೆಂದಷ್ಟೇ ಹೋಗುವವರಿಗೆ ಸದ್ಯಕ್ಕೆ ಶಿಫಾರಸು ಮಾಡಲಾರೆ. ಕಳೆದ ತಿಂಗಳು ನಮ್ಮ ಸೊಸೈಟಿಯ ಕನ್ನಡ ಬಳಗದ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಎರಡೂವರೆ ನಿಮಿಷದಲ್ಲಿ, ಒಂದೇ ಒಂದು ಮತ್ಲಬ್ ಇಲ್ಲದೆ ಮುಗಿಸಿ ಕೆಳಗಿಳಿದಾಗ, ತನ್ನ ಹೆಸರು ಬಿಟ್ಟುಹೋಯಿತೆಂದು ಧ್ವನಿವರ್ಧಕದ ಹುಡುಗ ವೈರು ಸುತ್ತುತ್ತಲೇ ಹೇಳಿದ. ಅವನು ಹೇಳಿ ಮುಗಿಸುವವರೆಗೆ ಸುಮ್ಮನೆ ಕೇಳಿದೆ.