ಪುಸ್ತಕ ಮಾರಿಕೊಡುತ್ತೇವೆ ಎಂದು ಬರುವವರಿಗೆ ಪ್ರತಿಗಳನ್ನು ಕೊಡುವ ಮುನ್ನ

ಸ್ವಂತ ಹಣ ಹಾಕಿ ಪುಸ್ತಕ ಅಚ್ಚು ಮಾಡಿಸಿ, ತಮ್ಮ ಜಿಲ್ಲೆಯ ಶಾಲೆ, ಕಾಲೇಜು, ತಾಲ್ಲೂಕು ಸಮ್ಮೇಳನಗಳಲ್ಲಿ ತಾವೇ ಓದುಗರಿಗೆ ತಲುಪಿಸುವ ಲೇಖಕರನ್ನು ಹುಡುಕಿಕೊಂಡು ಬರುವ ಒಂದು ಬಗೆಯ ಮಧ್ಯವರ್ತಿಗಳ ಬಗ್ಗೆ ಎಚ್ಚರಿಸಲು ಇದನ್ನು ಬರೆಯುತ್ತಿದ್ದೇನೆ. ಇವರು ಪ್ರಕಾಶಕರಲ್ಲ, ಪುಸ್ತಕದಂಗಡಿ ಇಟ್ಟವರೂ ಅಲ್ಲ. ಸಾಹಿತ್ಯ ಸೇವೆಯ ಹೆಸರು ಹೇಳಿ ಪ್ರತಿಗಳನ್ನು ಒಯ್ಯುತ್ತಾರೆ. ಸಮ್ಮೇಳನದ ಮಳಿಗೆಗಳಲ್ಲೂ ಶಾಲಾ ಗ್ರಂಥಾಲಯಗಳಿಗೂ ಮಾರಿಕೊಡುವುದಾಗಿ ಮಾತು ಕೊಡುತ್ತಾರೆ. ನನ್ನ ಪುಸ್ತಕದ 200 ಪ್ರತಿಗಳು ಹೀಗೆ ಹೋದವು. ಹಣವೂ ಬರಲಿಲ್ಲ, ಪ್ರತಿಗಳೂ ಮರಳಲಿಲ್ಲ.

ತಿಪಟೂರು ಸೀಮೆಯ ಕೆರೆ, ಕಟ್ಟೆ, ತೋಟದ ಬಾವಿಗಳ ಬಗ್ಗೆ ಬರೆದ ಪುಸ್ತಕ ಅದು. ಡೆಮಿ 1/8 ಅಳತೆ, 160 ಪುಟ, ಬೆಲೆ 180 ರೂಪಾಯಿ, ಪ್ರಥಮ ಮುದ್ರಣ 500 ಪ್ರತಿ. ಇಂತಹ ಪುಸ್ತಕದ ಓದುಗರು ಇರುವುದು ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳಲ್ಲಿ. ಬೆಂಗಳೂರಿನ ದೊಡ್ಡ ಮಾರಾಟಗಾರರಿಗೆ ಇದರಲ್ಲಿ ಆಸಕ್ತಿ ಇರುವುದಿಲ್ಲ, ಇದ್ದರೂ ಅವರು ಕೇಳುವ ಕಮಿಷನ್ ಕೊಟ್ಟರೆ ಮುದ್ರಣದ ಖರ್ಚೂ ಹುಟ್ಟುವುದಿಲ್ಲ. ಹಾಗಾಗಿ ರಾಜ್ಯೋತ್ಸವದ ಕಾರ್ಯಕ್ರಮಗಳಲ್ಲಿ ಬಾಗಿಲ ಬಳಿ ಒಂದು ಮೇಜು ಹಾಕಿಕೊಂಡು ಕೂರುವುದು, ಮುಖ್ಯ ಶಿಕ್ಷಕರನ್ನು ಕಂಡು ಬರುವುದು, ಕಾಲೇಜಿನ ಕನ್ನಡ ವಿಭಾಗದಲ್ಲಿ ಮಾತಾಡುವುದು, ಇವೆಲ್ಲ ಲೇಖಕನೇ ಮಾಡಬೇಕಾದ ಕೆಲಸಗಳಾಗುತ್ತವೆ. ನೌಕರಿಯ ಜೊತೆಗೆ ಇದನ್ನು ಮಾಡುವವರಿಗೆ, ಯಾರಾದರೂ ಭಾರ ಹೊತ್ತುಕೊಳ್ಳುತ್ತೇನೆ ಎಂದರೆ ಎಷ್ಟು ಹಗುರಾಗುತ್ತದೆ ಎಂಬುದು ಗೊತ್ತು. ಆ ಮಧ್ಯವರ್ತಿಗಳಿಗೂ ಅದು ಚೆನ್ನಾಗಿ ಗೊತ್ತು.

ನನ್ನಲ್ಲಿಗೆ ಬಂದವರು ಪುಸ್ತಕವನ್ನು ಓದಿಯೇ ಬಂದಿದ್ದರು; ಅದರ ಎರಡು ಅಧ್ಯಾಯಗಳನ್ನು ಮೆಚ್ಚಿ ವಿವರವಾಗಿ ಮಾತಾಡಿದರು. ಮುಖಬೆಲೆಯ ಮೇಲೆ ಶೇ. 30 ಕಮಿಷನ್, ಮೂರು ತಿಂಗಳಿಗೊಮ್ಮೆ ಲೆಕ್ಕ, ಉಳಿದ ಪ್ರತಿಗಳು ವಾಪಸ್ ಎಂದು ಒಪ್ಪಂದವಾಯಿತು. ರಸೀದಿ ಕೇಳಿದಾಗ, “ನಮ್ಮ ನಿಮ್ಮ ನಡುವೆ ಕಾಗದ ಪತ್ರ ಯಾಕೆ ಸಾರ್, ಪ್ರತಿ ಕೈಸೇರಿದ ಕೂಡಲೇ ವಾಟ್ಸ್‌ಆ್ಯಪ್‌ನಲ್ಲಿ ಹಾಕುತ್ತೇನೆ” ಎಂದರು. ಬಸ್ಸಿನ ಪಾರ್ಸೆಲ್ ತಲುಪಿದ ದಿನ ಅವರಿಂದ ಬಂದದ್ದು “200 ಬಂತು ಸಾರ್, ಧನ್ಯವಾದ” ಎಂಬ ಒಂದು ಸಾಲು. ಈಗ ನನ್ನ ಕೈಯಲ್ಲಿರುವ ಮುಖ್ಯ ಸಾಕ್ಷ್ಯ ಆ ಸಾಲು ಮತ್ತು ಪಾರ್ಸೆಲ್ ಚೀಟಿ.

ಮೂರು ತಿಂಗಳಿಗೆ ಬರಬೇಕಿದ್ದ ಲೆಕ್ಕ ವರ್ಷ ದಾಟಿದ ಮೇಲೆ, ಅದೂ ಬಹಳ ಒತ್ತಾಯದ ನಂತರ, ಕೈಬರಹದ ಒಂದು ಹಾಳೆಯ ಚಿತ್ರವಾಗಿ ಬಂತು. ಮಾರಾಟವಾದದ್ದು 38 ಪ್ರತಿ, ಮೊತ್ತ 6,840 ರೂಪಾಯಿ. ಅದರಲ್ಲಿ ಕಮಿಷನ್ ಕಳೆದು, ‘ಜಿಎಸ್‌ಟಿ ಶೇ. 12’ ಎಂದು ಕಳೆದು, ಮಳಿಗೆ ಬಾಡಿಗೆಯ ಪಾಲು, ಸಾಗಣೆ, ಸಹಾಯಕರ ಊಟ ಎಂದು ಒಂದೊಂದಾಗಿ ಕಳೆದು, ನನಗೆ ಸಲ್ಲಬೇಕಾದದ್ದು 212 ರೂಪಾಯಿ ಎಂದು ಬರೆದಿತ್ತು. ಮಿಕ್ಕ 162 ಪ್ರತಿಗಳು ಮಳೆಗೆ ತೊಯ್ದು ಹಾಳಾಗಿವೆ ಎಂಬ ಷರಾ ಕೆಳಗಿತ್ತು. ಮುದ್ರಿತ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ ಎಂಬುದನ್ನು ಪ್ರತಿಯೊಬ್ಬ ಲೇಖಕರೂ ತಿಳಿದಿರಬೇಕು. ಮುದ್ರಣಾಲಯದ ಬಿಲ್ಲಿನಲ್ಲಿ ತೆರಿಗೆ ಬರುವುದು ಬೇರೆ ವಿಷಯ. ಓದುಗರಿಗೆ ಮಾರಿದ ಪುಸ್ತಕದ ಮೇಲೆ ಆ ಹೆಸರಿನಲ್ಲಿ ಲೇಖಕರ ಹಣ ಹಿಡಿಯಲು ಆಧಾರವೇ ಇಲ್ಲ.

ತೊಯ್ದು ಹೋದ ಪುಸ್ತಕಗಳ ಕಥೆ ಸುಳ್ಳೆಂದು ತಿಳಿದದ್ದು ಪಕ್ಕದ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಅಲ್ಲಿನ ಮುಖ್ಯ ಶಿಕ್ಷಕರು ಬೀರುವಿನಿಂದ ನನ್ನ ಪುಸ್ತಕದ ಪ್ರತಿಯೊಂದನ್ನು ತೆಗೆದು ಮುಂದಿಟ್ಟು, ಇಷ್ಟು ಬೆಲೆ ಇಟ್ಟರೆ ಮಕ್ಕಳ ಗ್ರಂಥಾಲಯಕ್ಕೆ ಹೇಗೆ ಕೊಳ್ಳುವುದು ಎಂದು ಬೇಸರದಿಂದಲೇ ಕೇಳಿದರು. ಹಿಂಬದಿಯ ರಕ್ಷಾಪುಟದಲ್ಲಿ ಬೆಲೆಯ ಜಾಗಕ್ಕೆ ಸರಿಯಾಗಿ ಒಂದು ಬಿಳಿ ಚೀಟಿ ಅಂಟಿಸಿ 320 ರೂಪಾಯಿ ಎಂದು ಅಚ್ಚು ಹಾಕಲಾಗಿತ್ತು. ಉಗುರಿನಿಂದ ಅದರ ಮೂಲೆ ಎತ್ತಿದಾಗ ಕೆಳಗೆ 180 ಕಾಣಿಸಿತು. ಪುಟಗಳು ಗರಿಗರಿಯಾಗಿದ್ದವು, ನೀರಿನ ಕಲೆಯ ಸುಳಿವೂ ಇರಲಿಲ್ಲ. ದಾಖಲಾತಿ ಪುಸ್ತಕದಲ್ಲಿ ಆ ಖರೀದಿಯ ದಿನಾಂಕ, ಪ್ರತಿಗಳು ಹಾಳಾದವೆಂದು ನನಗೆ ತಿಳಿಸಿದ ದಿನಕ್ಕಿಂತ ಈಚಿನದು. ಹಣ ಹೋದದ್ದಕ್ಕಿಂತ ಇದು ನನ್ನನ್ನು ಹೆಚ್ಚು ನೋಯಿಸಿತು, ಏಕೆಂದರೆ ಸರ್ಕಾರಿ ಶಾಲೆಯ ಅಲ್ಪ ಅನುದಾನದಲ್ಲಿ ಹೆಚ್ಚಿನ ಬೆಲೆ ತೆತ್ತ ಆ ಶಿಕ್ಷಕರ ಕಣ್ಣಲ್ಲಿ ದುರಾಸೆಯವನಾಗಿ ಕಂಡದ್ದು ಪುಸ್ತಕದ ಮೇಲೆ ಹೆಸರಿರುವ ನಾನು.

ವಿಚಾರಿಸಿದಾಗ, ನಮ್ಮ ಭಾಗದ ಇನ್ನೂ ಕೆಲವು ಲೇಖಕರು ಇದೇ ಅನುಭವವನ್ನು ಹೇಳಿಕೊಂಡರು. ಸಾಹಿತ್ಯ ವಲಯದಲ್ಲಿ ಹೆಸರು ಕೆಡುತ್ತದೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಆದ್ದರಿಂದ, ಎಷ್ಟೇ ಆತ್ಮೀಯರಾದರೂ ಪ್ರತಿಗಳ ಜೊತೆಗೆ ಡೆಲಿವರಿ ಚಲನ್ ಬರೆದು ಸಹಿ ಮಾಡಿಸಿಕೊಳ್ಳಿ. ಪುಸ್ತಕದ ಹೆಸರು, ಪ್ರತಿಗಳ ಸಂಖ್ಯೆ, ಮುಖಬೆಲೆ, ಕಮಿಷನ್ ದರ, ಲೆಕ್ಕ ಕೊಡುವ ದಿನ, ಮಳಿಗೆ ಬಾಡಿಗೆ ಯಾರದು, ಹಾಳಾದ ಪ್ರತಿಗಳ ನಷ್ಟ ಯಾರದು ಎಂಬುದೆಲ್ಲ ಅದರಲ್ಲಿರಲಿ. ಮೊದಲ ಬಾರಿಗೆ 20 ಪ್ರತಿಗಿಂತ ಹೆಚ್ಚು ಕೊಡಬೇಡಿ. ಆ ಹಣ ಬಂದ ಮೇಲೆ ಮುಂದಿನದು. ಕೆಲವರು ‘ಐಎಸ್‌ಬಿಎನ್ ಮಾಡಿಸಿಕೊಡುತ್ತೇವೆ’ ಎಂದು ಸಾವಿರಾರು ರೂಪಾಯಿ ಕೇಳುವುದೂ ಉಂಟು. ಪುಸ್ತಕವನ್ನು ಗುರುತಿಸುವ ಆ ಅಂತರರಾಷ್ಟ್ರೀಯ ಸಂಖ್ಯೆ ಭಾರತದಲ್ಲಿ ಉಚಿತ; ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು.

ಈಗಾಗಲೇ ಪ್ರತಿಗಳನ್ನು ಕೊಟ್ಟು ಕೂತವರಿಗೆ ದಾರಿಯೇ ಇಲ್ಲವೆಂದಲ್ಲ. ಇನ್ನೊಬ್ಬರ ಪರವಾಗಿ ಮಾರುವವರು ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸಬೇಕೆಂದು 1872ರ ಭಾರತೀಯ ಕರಾರು ಅಧಿನಿಯಮದ 213ನೇ ಕಲಮು ಹೇಳುತ್ತದೆ. ಬಾಕಿ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇರುವುದರಿಂದ ‘ನಾಳೆ ಕೊಡುತ್ತೇನೆ’ ಎಂಬ ಮಾತಿಗೆ ಕಾಯುತ್ತ ಕೂರಬೇಡಿ. ದಾವೆಗೆ ಮೊದಲೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಲೋಕ ಅದಾಲತ್‌ನಲ್ಲಿ ರಾಜಿಗೆ ಅವಕಾಶವಿದೆ. ಅದಕ್ಕೆ ನ್ಯಾಯಾಲಯ ಶುಲ್ಕವಿಲ್ಲ, ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ. ಪಾರ್ಸೆಲ್ ಚೀಟಿ, ವಾಟ್ಸ್‌ಆ್ಯಪ್ ಸಂದೇಶಗಳು, ಶಾಲೆಯ ಬಿಲ್ಲಿನ ನಕಲು ಇವುಗಳೊಂದಿಗೆ ನಾನು ಅರ್ಜಿ ಕೊಟ್ಟಿದ್ದೇನೆ. ನಮ್ಮ ಭಾಗದ ಮುಖ್ಯ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆಯಿದೆ: ಪುಸ್ತಕದ ಬೆಲೆಯ ಮೇಲೆ ಚೀಟಿ ಅಂಟಿಸಿದ್ದು ಕಂಡರೆ ಬಿಲ್ಲಿಗೆ ಸಹಿ ಹಾಕುವ ಮೊದಲು ಆ ಪುಸ್ತಕದ ಲೇಖಕರಿಗೆ ಒಂದು ಫೋನ್ ಮಾಡಿ, ನಮ್ಮ ನಂಬರು ಸಾಮಾನ್ಯವಾಗಿ ಒಳಪುಟದಲ್ಲೇ ಇರುತ್ತದೆ.