ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ: ಪಿಯುಸಿಗೆ ಸೇರುವ ಮುನ್ನ ನೋಡಬೇಕಾದ ಜಾಗ

ಎಸ್ಸೆಸ್ಸೆಲ್ಸಿ ಮುಗಿಸಿ ವಿಜ್ಞಾನ ಓದಬೇಕೆಂದುಕೊಂಡ ಮಕ್ಕಳಿಗೆ ಎದುರಾಗುವ ಮೊದಲ ಪ್ರಶ್ನೆ ಪಿಸಿಎಂಬಿಯೋ ಪಿಸಿಎಂಸಿಯೋ, ಅಂದರೆ ಭೌತ, ರಸಾಯನ, ಗಣಿತದ ಜೊತೆ ಜೀವವಿಜ್ಞಾನವೋ ಕಂಪ್ಯೂಟರ್ ವಿಜ್ಞಾನವೋ ಎಂಬುದು. ಯಾವ ಕಾಲೇಜಿನಲ್ಲಿ ಸೀಟು ಸಿಗುತ್ತದೆ, ಸಿಇಟಿ, ನೀಟ್ ತರಬೇತಿಗೆ ಎಷ್ಟು ಶುಲ್ಕ ಎಂಬ ಲೆಕ್ಕಾಚಾರದ ನಡುವೆ, ವಿಜ್ಞಾನದ ಯಾವ ಶಾಖೆಯಲ್ಲಿ ನಿನಗೆ ಮನಸ್ಸಿದೆ ಎಂದು ಮಕ್ಕಳನ್ನು ಕೇಳುವವರು ಕಡಿಮೆ. ಕೇಳಿದರೂ ಆ ವಯಸ್ಸಿನಲ್ಲಿ ಅದಕ್ಕೆ ಬಾಯಿಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಅದನ್ನು ಕಂಡುಕೊಳ್ಳಲು ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಬೇಕೆಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ್ದು.

ಸರ್ ಎಂ. ವಿಶ್ವೇಶ್ವರಯ್ಯನವರು ತೀರಿಕೊಂಡ 1962ರಲ್ಲೇ ಪ್ರಧಾನಿ ನೆಹರೂ ಅವರು ಇದನ್ನು ಉದ್ಘಾಟಿಸಿದರು. 1965ರಲ್ಲಿ ವಿದ್ಯುತ್ತಿನ ಗ್ಯಾಲರಿಯೊಂದಿಗೆ ಇದು ಸಾರ್ವಜನಿಕರಿಗೆ ತೆರೆಯಿತು. ಈಗ ಎಂಜಿನ್, ವಿದ್ಯುತ್, ಎಲೆಕ್ಟ್ರಾನಿಕ್ಸ್, ಬಾಹ್ಯಾಕಾಶ, ಜೈವಿಕ ತಂತ್ರಜ್ಞಾನ ಎಂದು ಹಲವು ವಿಭಾಗಗಳಿವೆ. ಮಕ್ಕಳು ಸ್ವತಃ ಮಾಡಿ ನೋಡುವ ಆಟದ ವಿಜ್ಞಾನದ ವಿಭಾಗವೂ ಇದೆ.

ಇಲ್ಲಿನ ವಸ್ತುಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಹಾರಿಸಿದ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ. ಮೊದಲ ಹಾರಾಟ ನಡೆದದ್ದು 12 ಸೆಕೆಂಡು, ಸಾಗಿದ್ದು 120 ಅಡಿ. ಈ ಅಂಕಿಗಳನ್ನು ಪುಸ್ತಕದಲ್ಲಿ ಓದಿದವರಿಗೂ ಸುಮಾರು 40 ಅಡಿ ಅಗಲದ ರೆಕ್ಕೆಯ ಎದುರು ನಿಂತಾಗ ಬೇರೆಯದೇ ಅನುಭವವಾಗುತ್ತದೆ. ನಾನು ಗಮನಿಸಿರುವಂತೆ, ಅಲ್ಲಿ ನಿಂತ ಮಕ್ಕಳೆಲ್ಲ ಒಂದೇ ಪ್ರಶ್ನೆ ಕೇಳುವುದಿಲ್ಲ. ಗಾಳಿ ಇದನ್ನು ಮೇಲಕ್ಕೆತ್ತಿದ್ದು ಹೇಗೆ ಎಂದು ಒಬ್ಬರು ಕೇಳಿದರೆ, ಮರಕ್ಕೆ ಬಟ್ಟೆ ಬಿಗಿದ ಈ ರೆಕ್ಕೆ ಮುರಿಯಲಿಲ್ಲವೇಕೆ ಎಂದು ಇನ್ನೊಬ್ಬರು ಕೇಳುತ್ತಾರೆ. ಹೊಟ್ಟೆಯ ಮೇಲೆ ಮಲಗಿ ಸೊಂಟವನ್ನು ಅತ್ತಿತ್ತ ಸರಿಸಿ ರೆಕ್ಕೆಯ ತುದಿಗಳನ್ನು ತಿರುಚುತ್ತಿದ್ದ ಚಾಲಕನ ದೇಹಕ್ಕೆ ಏನಾಗುತ್ತಿತ್ತು ಎಂಬ ಕಡೆಗೆ ಮತ್ತೊಬ್ಬರ ಯೋಚನೆ ಹರಿಯುತ್ತದೆ. ಮೊದಲನೆಯದು ಭೌತವಿಜ್ಞಾನದ ಪ್ರಶ್ನೆ, ಎರಡನೆಯದು ವಸ್ತುವಿಜ್ಞಾನದ್ದು, ಮೂರನೆಯದು ಶರೀರವಿಜ್ಞಾನಕ್ಕೆ ಹತ್ತಿರವಾದದ್ದು. ಎದುರಿಗಿರುವ ವಸ್ತು ಒಂದೇ ಆದ್ದರಿಂದ ಈ ವ್ಯತ್ಯಾಸ ಆಯಾ ಮಗುವಿನ ಒಲವಿನಿಂದಲೇ ಬಂದಿರಬೇಕು. ಅಂಕಪಟ್ಟಿ ಇದನ್ನು ಹೇಳುವುದಿಲ್ಲ.

ನನ್ನ ಅಕ್ಕನ ಮಗಳು ಈ ವಿಮಾನದ ಹಿಂಭಾಗಕ್ಕೆ ಹೋಗಿ ಬಹಳ ಹೊತ್ತು ಬಗ್ಗಿ ನೋಡುತ್ತಿದ್ದಳು. "ಚಿಕ್ಕಮ್ಮ, ಎಂಜಿನ್ ಇರೋದು ಒಂದೇ. ಎರಡು ಪ್ರೊಪೆಲರ್ ಎದುರುಬದುರಾಗಿ ತಿರುಗ್ತಿತ್ತಂತಲ್ಲ, ಅದು ಹೇಗೆ?" ಎಂದಳು. ಸೈಕಲ್ ಅಂಗಡಿ ನಡೆಸುತ್ತಿದ್ದ ಆ ಸಹೋದರರು ಶಕ್ತಿಯನ್ನು ಚೈನಿನ ಮೂಲಕವೇ ಸಾಗಿಸಿದ್ದರು. ಎರಡು ಚೈನುಗಳಲ್ಲಿ ಒಂದನ್ನು ಎಂಟರ ಆಕಾರದಲ್ಲಿ ಅಡ್ಡ ಹಾಯಿಸಿದ್ದರಿಂದ ಆ ಬದಿಯ ಪ್ರೊಪೆಲರ್ ವಿರುದ್ಧ ದಿಕ್ಕಿಗೆ ತಿರುಗುತ್ತಿತ್ತು. ಇದನ್ನು ಹೇಳಿದ ಮೇಲೆ ಅವಳು ಎಂಜಿನ್ ವಿಭಾಗದಲ್ಲಿ ಹಲ್ಲುಚಕ್ರ, ಪಿಸ್ಟನ್‌ಗಳ ಎದುರಿನಿಂದ ಕದಲಲಿಲ್ಲ. ಮನೆಯವರು ಅವಳನ್ನು ಡಾಕ್ಟರ್ ಮಾಡಬೇಕೆಂದಿದ್ದರು. ಒಂದು ಮಧ್ಯಾಹ್ನದಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೂ ಆಮೇಲೆ ಮನೆಯಲ್ಲಿ ನಡೆದ ಮಾತುಕತೆಯ ಧಾಟಿಯೇ ಬದಲಾಯಿತು.

ವಿದ್ಯುತ್ತಿನ ವಿಭಾಗವನ್ನು ನಮ್ಮ ನಾಡಿನ ಕಥೆಯೊಂದಿಗೆ ತೋರಿಸುವುದು ಒಳ್ಳೆಯದು. ತಂತಿಯ ಸುರುಳಿಯ ಬಳಿ ಅಯಸ್ಕಾಂತ ಅಲುಗಿದರೆ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ವಿಜ್ಞಾನಿ ಫ್ಯಾರಡೆ ಕಂಡುಕೊಂಡದ್ದು 1831ರಲ್ಲಿ. ಅದೇ ತತ್ತ್ವದ ಮೇಲೆ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ತಂದಿತು. ಇದನ್ನು ತಿಳಿದು ನೋಡುವ ಮಗುವಿಗೆ ಗಾಜಿನ ಹಿಂದಿನ ತಂತಿಯ ಸುರುಳಿ ಬರಿಯ ಪರೀಕ್ಷೆಯ ಚಿತ್ರವಾಗಿ ಉಳಿಯುವುದಿಲ್ಲ.

ಹೆಸರಿನಲ್ಲೇ ಕೈಗಾರಿಕೆ, ತಂತ್ರಜ್ಞಾನ ಇರುವುದರಿಂದ ಇಲ್ಲಿ ಭೌತವಿಜ್ಞಾನ ಮತ್ತು ಎಂಜಿನಿಯರಿಂಗ್ ಕಡೆಗೆ ತೂಕ ಹೆಚ್ಚು. ಜೀವಕೋಶವನ್ನಾಗಲಿ ಡಿಎನ್‌ಎಯನ್ನಾಗಲಿ ಗಾಲಿಯಂತೆ ತಿರುಗಿಸಿ ತೋರಿಸಲಾಗದು. ಆದ್ದರಿಂದ ಇಷ್ಟನ್ನೇ ನೋಡಿ ಮಗುವಿಗೆ ಜೀವವಿಜ್ಞಾನದಲ್ಲಿ ಆಸಕ್ತಿಯಿಲ್ಲ ಎಂದು ತೀರ್ಮಾನಿಸುವುದು ಅನ್ಯಾಯ. ಅಂಥ ಮಕ್ಕಳನ್ನು ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಕರೆದೊಯ್ಯಬೇಕು. ಅಲ್ಲಿ ನಿಜವಾದ ಮಾನವ ಮಿದುಳುಗಳನ್ನು ಸಂರಕ್ಷಿಸಿ ಇಟ್ಟಿದ್ದಾರೆ. ಭೇಟಿಯ ದಿನ ಮತ್ತು ಸಮಯವನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳಿತು. ಭೂವಿಜ್ಞಾನಕ್ಕೆ ಲಾಲ್‌ಬಾಗ್ ಸಾಕು. ಕೆಂಪೇಗೌಡ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲ್ಪಟ್ಟದ್ದು. ಅದನ್ನು ಹತ್ತಿ ಕುಳಿತವರೆಷ್ಟೋ ಜನ, ಬಗ್ಗಿ ಅದರ ಪಟ್ಟೆಗಳನ್ನು ನೋಡಿದವರು ಕಡಿಮೆ. ಖಗೋಳದ ಕಡೆ ಮನಸ್ಸು ಹರಿದರೆ ಟಿ. ಚೌಡಯ್ಯ ರಸ್ತೆಯ ಜವಾಹರಲಾಲ್ ನೆಹರೂ ತಾರಾಲಯದಲ್ಲಿ ಕನ್ನಡದಲ್ಲೇ ಪ್ರದರ್ಶನಗಳು ನಡೆಯುತ್ತವೆ.

ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಿಂದ ಸಂಗ್ರಹಾಲಯಕ್ಕೆ ನಡೆದೇ ಹೋಗಬಹುದು. ಎಲ್ಲ ಮಹಡಿಗಳನ್ನೂ ಒಂದೇ ದಿನ ಮುಗಿಸಲೇಬೇಕೆಂಬ ಅವಸರ ಬೇಡ. ಭಾನುವಾರದ ಜನಜಂಗುಳಿಯಲ್ಲಿ ಒಂದು ಬಟನ್ ಒತ್ತಲೂ ಸರದಿ ಕಾಯಬೇಕಾಗುತ್ತದೆ. ವಾರದ ದಿನ ಬೆಳಗ್ಗೆಯೇ ಹೋದರೆ ಮಗು ತನಗೆ ಬೇಕಾದ ಕಡೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ಜೊತೆಗೆ ಹೋಗುವ ಹಿರಿಯರಲ್ಲಿ ನನ್ನದೊಂದು ವಿನಂತಿ: ಫಲಕಗಳನ್ನು ಓದಿ ಪಾಠ ಹೇಳಬೇಡಿ, "ಬಾ, ಇನ್ನೂ ಮೇಲಿನ ಮಹಡಿ ಇದೆ" ಎಂದು ಎಳೆಯಬೇಡಿ. ಎರಡು ಹೆಜ್ಜೆ ಹಿಂದೆ ನಡೆಯಿರಿ, ಮಗು ಎಲ್ಲಿ ನಿಂತಿತು, ಏನು ಕೇಳಿತು ಎಂಬುದನ್ನು ಗಮನಿಸಿ. ಸಾಧ್ಯವಾದರೆ ಪಿಯುಸಿ ಅರ್ಜಿ ತುಂಬುವ ಮೊದಲೇ ಹೋಗಿ ಬನ್ನಿ.